ನನ್ನ ತಮ್ಮ "ಧರ್ಮದ ಓದು ಓದುತ್ತೇನೆ" ಅಂತಾನೆ. ಯಾವ ಡಿಗ್ರಿಗೆ ಸೇರಿಸಬೇಕು?

ಬಾಗೇವಾಡಿ ಅಕ್ಕ:

ಎಲ್ಲರಿಗೂ ಶರಣು. ನಾನು ಬಸವನ ಬಾಗೇವಾಡಿಯವಳು, ಟೇಲರಿಂಗ್ ಅಂಗಡಿ ಇದೆ. ತಮ್ಮ ಈ ಸಲ ಪಿಯುಸಿ ಆರ್ಟ್ಸ್ ಮುಗಿಸಿದ. ನೂರಕ್ಕೆ 84 ಬಂದಿದೆ. ಮುಂದೇನೋ ಅಂದರೆ "ಧರ್ಮದ ಓದು ಓದುತ್ತೇನೆ" ಅಂತಾನೆ. ಅದಕ್ಕೊಂದು ಡಿಗ್ರಿ ಇದೆಯಾ, ಎಲ್ಲಿದೆ, ಓದಿದ ಮೇಲೆ ಹೊಟ್ಟೆಗೇನು? ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿಲ್ಲ.

ಅಪ್ಪ "ಬಿ.ಎ. ಮುಗಿಸಿ ಪೊಲೀಸ್ ಪರೀಕ್ಷೆ ಬರಿ" ಅಂತಾರೆ. ಅವ್ವನ ಚಿಂತೆ ಬೇರೆ. ಮಗ ಸ್ವಾಮಿ ಆಗಿಬಿಡ್ತಾನೆ ಅಂತ ಹೆದರಿಕೆ. ಹೋದ ವಾರ ಅವನ ಹಾಸಿಗೆ ಕೆಳಗೆ ಒಂದು ಕಾವಿ ಶಲ್ಯ ಸಿಕ್ಕಿತು. ಅವ್ವ ಒಂದು ದಿನ ಪೂರ್ತಿ ಊಟ ಮಾಡಲಿಲ್ಲ. ಆಮೇಲೆ ಕೇಳಿದರೆ, ಜಾತ್ರೆಯಲ್ಲಿ ದಾಸೋಹಕ್ಕೆ ಬಡಿಸಲು ನಿಂತ ಹುಡುಗರಿಗೆಲ್ಲ ಕೊಟ್ಟಿದ್ದಂತೆ ಅದು.

ಗೊತ್ತಿರೋರು ದಯವಿಟ್ಟು ಹೇಳಿ.

ಟಿಳಕವಾಡಿ ಹುಡುಗ:

ಸುಮ್ನೆ ಧಾರವಾಡಕ್ಕೆ ಕೋಚಿಂಗ್‌ಗೆ ಕಳಿಸಿ ಅಕ್ಕಾ. ಧರ್ಮ ಮನೆಯಲ್ಲಿ ಕೂತೂ ಓದಬಹುದು.

ನಿವೃತ್ತ ಮೇಷ್ಟ್ರು, ವಿಜಯಪುರ:

ತಂಗೀ, ಗಾಬರಿ ಆಗಬೇಡ. ನಾನು ಸಂಸ್ಕೃತ ಪಾಠ ಮಾಡಿ ನಿವೃತ್ತನಾದವನು. ಇಂಥ ಹುಡುಗರು ವರ್ಷಕ್ಕೆ ಒಬ್ಬನಾದರೂ ಬರುತ್ತಿದ್ದ. ಒಬ್ಬನಿಗೆ ಧರ್ಮ ಅಂದರೆ ಏನು ಅಂತ ತಿಳಿಯಬೇಕಿರುತ್ತದೆ. ಒಬ್ಬನಿಗೆ ಪೂಜೆ-ಪುರೋಹಿತಿಕೆ ಮಾಡಿ ಸಂಸಾರ ನಡೆಸಬೇಕಿರುತ್ತದೆ. ಇನ್ನೊಬ್ಬ ಮನೆ ಬಿಡಲು ಹೊರಟಿರುತ್ತಾನೆ. ಎಲ್ಲರೂ ಹೇಳುವುದು ಮಾತ್ರ "ಧರ್ಮದ ಓದು" ಅಂತಲೇ. ನಿನ್ನ ತಮ್ಮ ಇವರಲ್ಲಿ ಯಾರು ಅಂತ ಮೊದಲು ಕೇಳು.

ಸಂಸ್ಕೃತದ ದಾರಿ ಹೇಳುತ್ತೇನೆ. ನಮ್ಮ ರಾಜ್ಯದ ಪಾಠಶಾಲೆಗಳಲ್ಲಿ ಹಳೇ ಕ್ರಮ ಒಂದಿದೆ. ಪ್ರಥಮಾ, ಕಾವ್ಯ, ಸಾಹಿತ್ಯ, ಕೊನೆಗೆ ವಿದ್ವತ್. 2010ರಲ್ಲಿ ಬೆಂಗಳೂರಿನಲ್ಲಿ ಕರ್ನಾಟಕ ಸಂಸ್ಕೃತ ವಿಶ್ವವಿದ್ಯಾಲಯ ಶುರುವಾಯಿತು. ವಿದ್ವತ್‌ಗೆ ಬಂದರೆ ವ್ಯಾಕರಣ, ಜ್ಯೋತಿಷ, ಆಗಮ (ಗುಡಿ ಪೂಜೆಯ ಶಾಸ್ತ್ರ), ವೇದಾಂತ ಹೀಗೆ ಒಂದು ಶಾಸ್ತ್ರ ಹಿಡಿಯಬೇಕು. ವೀರಶೈವರ ಸಿದ್ಧಾಂತವಾದ ಶಕ್ತಿವಿಶಿಷ್ಟಾದ್ವೈತವೂ ಇದೆ. ಉತ್ತರದ ಕಡೆ ಇದನ್ನೇ ಶಾಸ್ತ್ರಿ, ಆಚಾರ್ಯ ಅಂತಾರೆ. ಶಾಸ್ತ್ರಿ ಬಿ.ಎ.ಗೆ ಸಮ, ಆಚಾರ್ಯ ಎಂ.ಎ.ಗೆ ಸಮ. ಕಾಶಿಯ ಜಂಗಮವಾಡಿ ಮಠದಲ್ಲಿದ್ದು ಅಲ್ಲಿಯ ವಿಶ್ವವಿದ್ಯಾಲಯದಲ್ಲಿ ಓದಿ ಬಂದ ಸ್ವಾಮಿಗಳು ನಮ್ಮ ಭಾಗದಲ್ಲಿ ಬಹಳ ಜನ.

ಒಂದು ಕಿವಿಮಾತು. ಹತ್ತನೇ ಕ್ಲಾಸಿನಲ್ಲಿ ಮಾರ್ಕ್ಸ್ ಬೀಳುತ್ತೆ ಅಂತ ಸಂಸ್ಕೃತ ತಗೊಂಡವನು ಇಲ್ಲಿ ಒಂದೇ ತಿಂಗಳಿಗೆ ಕಂಗಾಲಾಗುತ್ತಾನೆ. 125ಕ್ಕೆ 123 ತೆಗೆದ ಹುಡುಗನೊಬ್ಬ ನನ್ನ ಹತ್ತಿರ ಬಂದಿದ್ದ. ಉತ್ತರವೆಲ್ಲ ಕನ್ನಡದಲ್ಲಿ ಬರೆದು ಪಾಸಾದವನು. ಶಬ್ದರೂಪ ಕೇಳಿದರೆ "ರಾಮಃ ರಾಮೌ" ಅಂತ ಹೇಳಿ ಫ್ಯಾನ್ ನೋಡಿದ.

ತೇರದಾಳ ಬಸು:

ಮೇಷ್ಟ್ರೇ, ಪೂಜಾರಿಗಳಿಗೆ ಈಗ ಸರ್ಕಾರಿ ಸಂಬಳ ಇದೆಯಲ್ಲಾ? ಆಗಮ ಓದಿಸಿದರೆ ಸಾಕಲ್ವಾ?

ನಿವೃತ್ತ ಮೇಷ್ಟ್ರು, ವಿಜಯಪುರ:

ಸಂಬಳ ಅಲ್ಲಪ್ಪಾ, ಅದು ತಸ್ತೀಕು, ಪೂಜೆ ಖರ್ಚಿಗೆ ಅಂತ ಸರ್ಕಾರ ಕೊಡುವ ಹಣ. ಮುಜರಾಯಿಗೆ ಸೇರಿದ ದೇವಸ್ಥಾನ 34 ಸಾವಿರಕ್ಕೂ ಜಾಸ್ತಿ, ಅದರಲ್ಲಿ ಬಹುತೇಕ ಎಲ್ಲವೂ ಸಿ ದರ್ಜೆ, ಅಂದರೆ ಆದಾಯ ಕಡಿಮೆ ಇರುವವು. ಸಿ ದರ್ಜೆ ಅರ್ಚಕರ ತಸ್ತೀಕನ್ನು 2025ರ ಬಜೆಟ್‌ನಲ್ಲಿ ವರ್ಷಕ್ಕೆ 60 ಸಾವಿರದಿಂದ 72 ಸಾವಿರಕ್ಕೆ ಏರಿಸಿದರು. ತಿಂಗಳಿಗೆ 6 ಸಾವಿರ ಬಿತ್ತು. ಎಣ್ಣೆ-ಬತ್ತಿ, ಹೂವು ಎಲ್ಲ ಅದರಲ್ಲೇ. ಸಾಲದ್ದಕ್ಕೆ ಬಹಳ ಕಡೆ ಪೂಜೆ ಮನೆತನದಿಂದ ನಡೆದು ಬಂದದ್ದು. ಆಗಮ ಪ್ರವೀಣ ಪರೀಕ್ಷೆ ಪಾಸಾದೆ ಅಂತ ಖಾಲಿ ಗುಡಿ ಕಾಯುತ್ತಾ ಇರುವುದಿಲ್ಲ. ಹೊರಗೆ ಗೃಹಪ್ರವೇಶ, ಮದುವೆ ಮಾಡಿಸುವವರು ಚೆನ್ನಾಗಿ ದುಡಿಯುತ್ತಾರೆ ನಿಜ. ಅದು ಕಂಠ, ನಡತೆ, ಜನರ ಪರಿಚಯದ ಮೇಲೆ ನಿಂತದ್ದು.

ಬಾದಾಮಿ ಕಂಡಕ್ಟರ್:

ಅಕ್ಕಾರ, ನಾನು ಒಂಬತ್ತನೇ ವಯಸ್ಸಿನಿಂದ ಹದಿನೇಳರವರೆಗೆ ಒಂದು ಮಠದಲ್ಲಿ ವಟು, ಅಂದರೆ ಅಲ್ಲೇ ಇದ್ದು ಕಲಿಯುವ ಹುಡುಗ, ಆಗಿದ್ದವನು. ಈಗ ವಾಯವ್ಯ ಸಾರಿಗೆಯಲ್ಲಿ ಕಂಡಕ್ಟರ್. ನಿಮ್ಮ ಅವ್ವನಿಗೆ ಇದನ್ನು ಓದಿ ಹೇಳಿ.

ನಸುಕಿನಲ್ಲಿ ನಾಲ್ಕಕ್ಕೆ ಏಳುವುದು. ತಣ್ಣೀರು. ಲಿಂಗಪೂಜೆ ಆಗದೆ ಬಾಯಿಗೆ ಹನಿ ನೀರೂ ಇಲ್ಲ. ಪ್ರಸಾದಕ್ಕೆ ಕೂತರೆ ಗಂಗಾಳದಲ್ಲಿ ಒಂದು ಅಗುಳು ಬಿಡುವ ಹಾಗಿಲ್ಲ. ಬಳಿದು ತಿಂದು, ನೀರು ಹಾಕಿ ತೊಳೆದು, ಆ ನೀರನ್ನೂ ಕುಡಿಯಬೇಕು. ಇವತ್ತಿಗೂ ನಾನು ಮನೆಯಲ್ಲಿ ಹಾಗೇ ಮಾಡುತ್ತೇನೆ. ನನ್ನ ಹೆಂಡತಿಗೆ ಪಾತ್ರೆ ತಿಕ್ಕುವ ಕೆಲಸ ಕಡಿಮೆ.

ನನಗೆ ಸೇರಿದ ಕೆಲಸ ಅಂದರೆ ವಿಭೂತಿ. ಸಗಣಿ ಉಂಡೆ ಕಟ್ಟಿ ಒಣಗಿಸಿ ಸುಡುವುದು. ಆ ಬೂದಿಯನ್ನು ನೀರಿನಲ್ಲಿ ಕದಡಿ ಬಟ್ಟೆಯಲ್ಲಿ ಸೋಸುವುದು. ರಾತ್ರಿ ಬಿಟ್ಟರೆ ಬೆಳಿಗ್ಗೆ ತಳದಲ್ಲಿ ಬೆಣ್ಣೆ ಹಾಗೆ ಕುಳಿತಿರುತ್ತದೆ. ಅದನ್ನು ತಟ್ಟಿ ಗಟ್ಟಿ ಮಾಡುವುದು. ಕೈ ಒಡೆದು ಉರಿ ಬರುತ್ತಿತ್ತು. ಆದರೂ ಪಾಠಕ್ಕಿಂತ ನನಗೆ ಅದೇ ಹಿಡಿಸುತ್ತಿತ್ತು. ಗುರುಗಳಿಗೆ ಅದು ಗೊತ್ತಾಯಿತು. ಒಂದು ದಿನ ಕರೆದು "ಮಗನೇ, ನಿನಗೆ ಮನೆ ಚಲೋ" ಅಂದರು. ಬೈದು ಕಳಿಸಲಿಲ್ಲ. ಬಸ್ಸಿನ ಖರ್ಚು ಕೊಟ್ಟು ಕಳಿಸಿದರು.

ಈಗ ಮುಖ್ಯ ಮಾತು. ನಮ್ಮ ಕಡೆ ಸ್ವಾಮಿ ಆಗುವುದಕ್ಕೆ ಡಿಗ್ರಿ ಅಂತ ಇಲ್ಲ. ಬಾದಾಮಿ ಹತ್ತಿರದ ಶಿವಯೋಗಮಂದಿರ ನೋಡಿ. 1909ರಲ್ಲಿ ಹಾನಗಲ್ಲ ಕುಮಾರ ಸ್ವಾಮಿಗಳು ಮಲಪ್ರಭೆ ದಂಡೆ ಮೇಲೆ ಕಟ್ಟಿದ್ದು, ಮಠಕ್ಕೆ ಬೇಕಾದವರನ್ನು ತಯಾರು ಮಾಡುವುದಕ್ಕಂತಲೇ. ನಾಡಿನ ಎಷ್ಟೋ ಮಠಗಳ ಸ್ವಾಮಿಗಳು ಅಲ್ಲಿ ಕಲಿತವರು. ಹಾಗಂತ ಕಲಿತವರೆಲ್ಲ ಸ್ವಾಮಿ ಆಗುವುದಿಲ್ಲ. ಯಾವುದೋ ಊರಿನ ದೈವದವರು, ಅಂದರೆ ಊರ ಹಿರಿಯರು ಬಂದು, ಹಿರಿಯ ಗುರುಗಳು ಒಪ್ಪಿ, "ಈ ಮರಿ ನಮ್ಮ ಮಠಕ್ಕೆ ಬೇಕು" ಅನ್ನಬೇಕು. ಆಮೇಲೆ ಪಟ್ಟ. ಓದು ಕೊಡುವವರು ಒಬ್ಬರು, ಪೀಠ ಕೊಡುವವರು ಇನ್ನೊಬ್ಬರು. ನಿಮ್ಮ ತಮ್ಮ 18 ದಾಟಿದ್ದಾನೆ. ಮಠಕ್ಕೆ ಸಣ್ಣವರಿದ್ದಾಗಲೇ ಸೇರುವವರು ಜಾಸ್ತಿ. ಹಾಗಾಗಿ ಅವ್ವ ಅಷ್ಟು ಹೆದರಬೇಕಿಲ್ಲ.

ಇಳಕಲ್ ದಡಿ:

ಕಾಶಿ, ಆಗಮ, ಶಕ್ತಿವಿಶಿಷ್ಟಾದ್ವೈತ ಅಂತ ಬರೀತಾ ಇದ್ದೀರಿ. ಬಸವಣ್ಣನ ಊರಿನ ಹುಡುಗನಿಗೆ ಇದೆಲ್ಲ ಯಾಕೆ? ವಚನ ಓದಲಿ. ಲಿಂಗಾಯತಕ್ಕೂ ಆಗಮಕ್ಕೂ ಏನು ಸಂಬಂಧ?

ತೇರದಾಳ ಬಸು:

ಶುರುವಾಯ್ತು ನೋಡಿ.

ನಿವೃತ್ತ ಮೇಷ್ಟ್ರು, ವಿಜಯಪುರ:

ಆ ಜಗಳ ಇಲ್ಲಿ ಬೇಡ. ಆದರೆ ಕೋರ್ಸ್ ಆರಿಸುವವನಿಗೆ ಇಳಕಲ್‌ನವರ ಮಾತು ಉಪಯೋಗಕ್ಕೆ ಬರುತ್ತದೆ. ಎರಡು ಓದಿನ ಪಠ್ಯವೇ ಬೇರೆ. ಒಂದು ಕಡೆ ಸಂಸ್ಕೃತ, ವೀರಶೈವರ ಗ್ರಂಥ ಸಿದ್ಧಾಂತ ಶಿಖಾಮಣಿ, ಆಗಮ. ಇನ್ನೊಂದು ಕಡೆ ಕನ್ನಡ, ವಚನ, ಶರಣರ ಚರಿತ್ರೆ. ಎರಡನೆಯದಕ್ಕೆ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಬಸವೇಶ್ವರ ಪೀಠವೇ ಇದೆ. ಸೇರುವ ಮುಂಚೆ ಸಿಲಬಸ್ ಕೈಯಲ್ಲಿ ಹಿಡಿದು ಓದಿ. ಹೆಸರು ನೋಡಿ ಸೇರಬೇಡಿ.

ಗುಳೇದಗುಡ್ಡ ಖಣ:

ನಾನು ಬೇರೆ ಧರ್ಮದವಳು, ಕ್ರೈಸ್ತಳು. ಆದರೆ ಪ್ರಶ್ನೆ ನಮ್ಮ ಮನೆಯದೇ ಅನ್ನಿಸಿತು. ನಮ್ಮ ಊರಿಗೆ ಬಾಸೆಲ್ ಮಿಶನ್ ಬಂದದ್ದು 1851ರಲ್ಲಿ. ಅಜ್ಜನ ಕಾಲದಿಂದ ನಾವು ಆ ಚರ್ಚಿನ ಸಭೆಯವರು. ನಾನು ಈಗ ಬಿ.ಡಿ. ಓದುತ್ತಾ ಇದ್ದೇನೆ. ಬ್ಯಾಚುಲರ್ ಆಫ್ ಡಿವಿನಿಟಿ. ಊರಲ್ಲಿ ಹೇಳಿದರೆ ಎಲ್ಲರೂ ಬಿ.ಎಡ್. ಅಂದುಕೊಳ್ಳುತ್ತಾರೆ. ನಾನೂ ತಿದ್ದುವುದು ಬಿಟ್ಟಿದ್ದೇನೆ.

ನಮ್ಮಲ್ಲಿ ದೈವಶಾಸ್ತ್ರದ ಡಿಗ್ರಿ ಕೊಡುವುದು ಬಂಗಾಳದ ಸೆರಾಂಪುರ. ಕಾಲೇಜು 1818ರದ್ದು. ಅಲ್ಲಿ ಆಗ ಡೆನ್ಮಾರ್ಕ್‌ನವರ ಆಡಳಿತ. 1827ರಲ್ಲಿ ಡೆನ್ಮಾರ್ಕ್ ರಾಜನೇ ಪದವಿ ಕೊಡುವ ಹಕ್ಕಿನ ಸನ್ನದು ಕೊಟ್ಟ. ಕರ್ನಾಟಕದಲ್ಲಿ ಮಂಗಳೂರಿನ ಬಲ್ಮಠದ ಕರ್ನಾಟಕ ಥಿಯಾಲಾಜಿಕಲ್ ಕಾಲೇಜು, ಬೆಂಗಳೂರಿನ ಯುನೈಟೆಡ್ ಥಿಯಾಲಾಜಿಕಲ್ ಕಾಲೇಜು ಎರಡೂ ಅದರ ಕೆಳಗೆ ಬರುತ್ತವೆ. ಡಿಗ್ರಿ ಆದವರಿಗೆ ಬಿ.ಡಿ. ನಾಲ್ಕು ವರ್ಷ, ಬರೀ ಪಿಯುಸಿ ಆದವರಿಗೆ ಐದು. ಬೈಬಲ್ ಒಂದೇ ಅಲ್ಲ. ಸಭೆಯ ಚರಿತ್ರೆ, ಆಪ್ತ ಸಮಾಲೋಚನೆ, ಬೇರೆ ಧರ್ಮಗಳು ಎಲ್ಲ ಇವೆ. ಹೀಬ್ರೂ ಮತ್ತು ಗ್ರೀಕ್ ಕೂಡ. ಹೀಬ್ರೂ ಬಲದಿಂದ ಎಡಕ್ಕೆ ಬರೆಯುವುದು. ಮೊದಲ ವಾರ ನನ್ನ ಕೈಯೆಲ್ಲ ಇಂಕು.

ಕಂಡಕ್ಟರ್ ಅಣ್ಣ ಹೇಳಿದ್ದು ನಮ್ಮಲ್ಲೂ ಅಷ್ಟೇ ನಿಜ. ಕಾಲೇಜು ಬಿ.ಡಿ. ಕೊಡಬಹುದು, ಸಭಾಪಾಲಕಿ (ಪಾದ್ರಿ) ಮಾಡಲು ಆಗುವುದಿಲ್ಲ. ಅದು ಧರ್ಮಪ್ರಾಂತದ, ಅಂದರೆ ಬಿಷಪ್ಪರ ಆಡಳಿತದ ಕೈಯಲ್ಲಿ. ಮೊದಲು ನಮ್ಮ ಸಭೆ ನನ್ನ ಹೆಸರು ಕಳಿಸಬೇಕು, ಸಂದರ್ಶನ ಆಗಬೇಕು, ಓದಿದ ಮೇಲೂ ಒಂದಷ್ಟು ಕಾಲ ನೋಡುತ್ತಾರೆ, ಆಮೇಲೆ ದೀಕ್ಷೆ. ಸಭೆ ಕಳಿಸದೆ ಸ್ವಂತ ದುಡ್ಡಿನಲ್ಲಿ ಓದಿ ಬಂದು "ನನಗೆ ಚರ್ಚ್ ಕೊಡಿ" ಅಂತ ಅಲೆಯುವವರನ್ನು ನೋಡಿದ್ದೇನೆ. ಕ್ಯಾಥೊಲಿಕ್ ಫಾದರ್ ಆಗುವುದು ಇನ್ನೂ ಉದ್ದ. ತತ್ವಶಾಸ್ತ್ರ, ನಡುವೆ ಸೇವೆ, ಆಮೇಲೆ ದೈವಶಾಸ್ತ್ರ ಅಂತ ಹತ್ತಿರ ಹತ್ತಿರ ಹತ್ತು ವರ್ಷ.

ಬಾಗೇವಾಡಿ ಅಕ್ಕ:

ಹೆಣ್ಣುಮಕ್ಕಳೂ ಪಾದ್ರಿ ಆಗಬಹುದಾ? ಗೊತ್ತೇ ಇರಲಿಲ್ಲ.

ಗುಳೇದಗುಡ್ಡ ಖಣ:

ನಮ್ಮ ಸಿಎಸ್‌ಐನಲ್ಲಿ (ಚರ್ಚ್ ಆಫ್ ಸೌತ್ ಇಂಡಿಯಾ) ಆಗಬಹುದು ಅಕ್ಕಾ. 2013ರಲ್ಲಿ ನಂದ್ಯಾಲಕ್ಕೆ ಮಹಿಳಾ ಬಿಷಪ್ಪೇ ಬಂದರು. ಕ್ಯಾಥೊಲಿಕರಲ್ಲಿ ಇಲ್ಲ. ನಿಮ್ಮಲ್ಲಿ ಅದಕ್ಕೂ ಮೊದಲೇ ಆಗಿದೆಯಲ್ಲಾ. ಕೂಡಲಸಂಗಮದ ಮಾತೆ ಮಹಾದೇವಿಯವರು ಜಗದ್ಗುರು ಪೀಠ ಏರಿದ್ದು 1970ರಲ್ಲಿ.

ಬಾಗೇವಾಡಿ ಅಕ್ಕ:

ಹಾಗಾದರೆ ತಮ್ಮನನ್ನು ಅಂಗಡಿಯಲ್ಲಿ ಕೂರಿಸಿ ನಾನೇ ಓದುತ್ತೇನೆ.

ಗೋಕಾಕ ಕರದಂಟು:

ನನ್ನದೊಂದು ಕಹಿ ಅನುಭವ. ಹೆಸರು ಹೇಳುವುದಿಲ್ಲ. ಹನ್ನೆರಡು ವರ್ಷದ ಹಿಂದೆ ಒಂದು ಬೈಬಲ್ ಕಾಲೇಜಿನ ಬೋರ್ಡ್ ನೋಡಿ ಸೇರಿದೆ. ಎರಡು ಮಹಡಿ ಬಾಡಿಗೆ ಕಟ್ಟಡ. "ಬಿ.ಟಿಎಚ್., ಅಂತರರಾಷ್ಟ್ರೀಯ ಮಾನ್ಯತೆ" ಅಂತ ಬರೆದಿತ್ತು. ಬಿ.ಟಿಎಚ್. ಅಂದರೆ ಬ್ಯಾಚುಲರ್ ಆಫ್ ಥಿಯಾಲಜಿ. ಮೂರು ವರ್ಷ ನಿಯತ್ತಾಗಿ ಓದಿದೆ. ಪಾಠ ಕೆಟ್ಟದಿರಲಿಲ್ಲ, ಅದನ್ನು ಒಪ್ಪುತ್ತೇನೆ. ಘಟಿಕೋತ್ಸವಕ್ಕೆ ಗೌನು, ಟೋಪಿ, ಫೋಟೋ ಎಲ್ಲ ಆಯಿತು. ಆಮೇಲೆ ಬಿ.ಎಡ್.ಗೆ ಅರ್ಜಿ ಹಾಕಲು ಹೋದರೆ ಕೌಂಟರಿನವರು ಸರ್ಟಿಫಿಕೇಟ್ ತಿರುಗಿಸಿ ತಿರುಗಿಸಿ ನೋಡಿ "ಇದು ಯಾವ ಯೂನಿವರ್ಸಿಟಿದು?" ಅಂದರು. ಹಿಂದೆ ಲೈನಿನಲ್ಲಿ ನನ್ನ ಸಭೆಯ ಹುಡುಗನೇ ನಿಂತಿದ್ದ.

ಮತ್ತೆ ಮುಕ್ತ ವಿ.ವಿ.ಯಲ್ಲಿ ಮೊದಲಿಂದ ಬಿ.ಎ. ಮಾಡಿದೆ. ಅಷ್ಟೊತ್ತಿಗೆ ನನಗೆ 27. ಆ ಗೌನಿನ ಫೋಟೋ ಇನ್ನೂ ಅತ್ತೆ ಮನೆಯ ಶೋಕೇಸಿನಲ್ಲಿದೆ.

ಸರ್ಟಿಫಿಕೇಟ್ ಮೇಲೆ ಸಹಿ ಹಾಕುವುದು ಯಾವ ವಿಶ್ವವಿದ್ಯಾಲಯ, ಯುಜಿಸಿ ಪಟ್ಟಿಯಲ್ಲಿ ಅದರ ಹೆಸರಿದೆಯಾ ಅಂತ ದುಡ್ಡು ಕಟ್ಟುವ ಮುಂಚೆ ನೋಡಿ. ಟ್ರಸ್ಟ್ ರಿಜಿಸ್ಟರ್ ಆಗಿದೆ ಅನ್ನುವುದು ಮಾನ್ಯತೆ ಅಲ್ಲ. ದುಡ್ಡು ಕೊಟ್ಟರೆ "ಡಾಕ್ಟರೇಟ್" ಕೊಡುವವರೂ ಇದ್ದಾರೆ. ನನಗೂ ಫೋನ್ ಬಂದಿತ್ತು.

ಗೋಳಗುಮ್ಮಟದ ನೆರಳು:

ನಮ್ಮಲ್ಲೂ ಇದೇ ಪಾಡು. ನನ್ನ ತಮ್ಮ ಹಿಫ್ಜ್ (ಕುರಾನ್ ಪೂರ್ತಿ ಬಾಯಿಪಾಠ) ಮುಗಿಸಿ ಹಾಫಿಜ್ ಆದ, ಆಮೇಲೆ ಧರ್ಮಶಾಸ್ತ್ರದ ಆಲಿಮ್ ಕೋರ್ಸ್. ಎಂಟೊಂಬತ್ತು ವರ್ಷ ಅರಬ್ಬಿ ಅರೆದು ಕುಡಿದಿದ್ದಾನೆ. ಆದರೆ ಎಸ್ಸೆಸ್ಸೆಲ್ಸಿ ಇರಲಿಲ್ಲ. ಬ್ಯಾಂಕಿನ ಫಾರ್ಮ್‌ನಲ್ಲಿ "ವಿದ್ಯಾರ್ಹತೆ" ಅನ್ನುವ ಜಾಗ ಖಾಲಿ ಬಿಡುತ್ತಿದ್ದ. ನನಗೆ ಅದು ನೋಡಿ ಕರುಳು ಚುರ್ ಅಂತಿತ್ತು.

ಆಮೇಲೆ ತಿಳಿಯಿತು, ಹೈದರಾಬಾದಿನ ಮೌಲಾನಾ ಆಜಾದ್ ಉರ್ದು ವಿಶ್ವವಿದ್ಯಾಲಯ, ಅಲಿಗಢ ಇವೆರಡೂ ತಾವು ಒಪ್ಪಿದ ಮದರಸಾಗಳ ಸರ್ಟಿಫಿಕೇಟ್ ಮೇಲೆ ಪ್ರವೇಶ ಕೊಡುತ್ತವೆ. ಪಟ್ಟಿಯಲ್ಲಿ ನಿಮ್ಮ ಮದರಸಾ ಇರಬೇಕು. ಅಲಿಗಢದಲ್ಲಿ ಮದರಸಾ ಹುಡುಗರಿಗೆ ಬ್ರಿಜ್ ಕೋರ್ಸೂ ಇದೆ. ತಮ್ಮ ಹೈದರಾಬಾದಿಗೆ ಹೋದ. ಈಗ ಮಸೀದಿಯಲ್ಲಿ ನಮಾಜ್ ಮಾಡಿಸುವ ಇಮಾಮತ್ತೂ ಮಾಡುತ್ತಾನೆ, ಒಂದು ಶಾಲೆಯಲ್ಲಿ ಉರ್ದು ಪಾಠವೂ ಮಾಡುತ್ತಾನೆ. ಇಮಾಮತ್ ಕೊಟ್ಟದ್ದು ಜಮಾತಿನವರು, ಶಾಲೆ ಕೊಟ್ಟದ್ದು ಡಿಗ್ರಿ.

ಸದಲಗಾ ಕಡೆಯವನು:

ಜೈನರ ಮಾತು ಯಾರೂ ಎತ್ತಲಿಲ್ಲ. ನಮ್ಮ ಚಿಕ್ಕೋಡಿ ಕಡೆ ಬಸದಿ ಪೂಜೆ ಮಾಡುವವರಿಗೆ ಉಪಾಧ್ಯೆ ಅಂತಾರೆ. ಅಂಥ ಮನೆಯ ಹುಡುಗ ಆ.ನೇ. ಉಪಾಧ್ಯೆ. ಸದಲಗಾದಲ್ಲಿ 1906ರಲ್ಲಿ ಹುಟ್ಟಿದರು. ಪ್ರಾಕೃತ ಹಿಡಿದು ಕೊಲ್ಲಾಪುರದಲ್ಲಿ ಪ್ರೊಫೆಸರ್ ಆದರು. ಜೈನ ಗ್ರಂಥಗಳ ವಿಷಯಕ್ಕೆ ಬಂದರೆ ಪರದೇಶದವರೂ ಅವರ ಮಾತು ಕೇಳುತ್ತಿದ್ದರು. ಈಗ ಓದುವವರಿಗೆ ಮೈಸೂರು ವಿ.ವಿ.ಯಲ್ಲಿ ಜೈನಶಾಸ್ತ್ರ ಮತ್ತು ಪ್ರಾಕೃತ ವಿಭಾಗ ಇದೆ. ರಾಜಸ್ಥಾನದ ಲಾಡನೂನ್‌ನಲ್ಲಿ ಜೈನ ವಿಶ್ವಭಾರತಿ ಇದೆ, ಅಲ್ಲಿ ದೂರಶಿಕ್ಷಣವೂ ಉಂಟು. ನಾನು ಸೇರಬೇಕು ಅಂತ ಹತ್ತು ವರ್ಷದಿಂದ ಅಂದುಕೊಳ್ಳುತ್ತಾ ಇದ್ದೇನೆ, ಕಬ್ಬು ಬಿಡುತ್ತಿಲ್ಲ.

ಮಾಜಿ ಹವಾಲ್ದಾರ್, ಬೆಳಗಾವಿ:

ಇನ್ನೊಂದು ನೌಕರಿ ಇದೆ, ಯಾರೂ ಹೇಳಲಿಲ್ಲ. ಫೌಜಿನಲ್ಲಿ ಧರ್ಮಗುರು. ನಾನು ಮರಾಠಾ ಲೈಟ್ ಇನ್‌ಫೆಂಟ್ರಿಯವನು. ಯೂನಿಟ್‌ನಲ್ಲಿ ಮಂದಿರ ಇರುತ್ತದೆ, ಪಂಡಿತ್‌ಜಿ ಇರುತ್ತಾರೆ. ಜವಾನರ ಧರ್ಮ ನೋಡಿ ಗ್ರಂಥಿ, ಮೌಲ್ವಿ, ಪಾದ್ರಿ, ಬೌದ್ಧ ಭಿಕ್ಷು ಕೂಡ ತಗೊಳ್ಳುತ್ತಾರೆ. ನೇರವಾಗಿ ನಾಯಬ್ ಸುಬೇದಾರ್ ರ‍್ಯಾಂಕ್. ಯಾವುದಾದರೂ ಡಿಗ್ರಿ ಬೇಕೇ ಬೇಕು. ಅದರ ಜೊತೆಗೆ ಪಂಡಿತರಿಗೆ ಸಂಸ್ಕೃತದಲ್ಲಿ ಆಚಾರ್ಯ, ಇಲ್ಲ ಅಂದರೆ ಶಾಸ್ತ್ರಿ ಜೊತೆಗೆ ಕರ್ಮಕಾಂಡದ (ಪೂಜೆ-ಸಂಸ್ಕಾರ ವಿಧಿಗಳ) ಒಂದು ವರ್ಷದ ಡಿಪ್ಲೊಮಾ. ವಯಸ್ಸು 25 ಆಗಿರಬೇಕು. ಮಂತ್ರ ಬಂದರೆ ಸಾಲದು, 1,600 ಮೀಟರ್ 8 ನಿಮಿಷದಲ್ಲಿ ಓಡಬೇಕು.

ನಮ್ಮ ಪಂಡಿತ್‌ಜಿ ಪೂಜೆಗಿಂತ ಜಾಸ್ತಿ ಮಾಡುತ್ತಿದ್ದ ಕೆಲಸ ಕೂತು ಕೇಳುವುದು. ಊರಿನಿಂದ ಕೆಟ್ಟ ಸುದ್ದಿ ಬಂದ ಹುಡುಗ ಆಫೀಸರ್ ಹತ್ತಿರ ಅಳುವುದಿಲ್ಲ, ಅವರ ಹತ್ತಿರ ಅಳುತ್ತಾನೆ.

ಬಾಗೇವಾಡಿ ಅಕ್ಕ:

ಇಷ್ಟೆಲ್ಲ ಇದೆಯಾ! ತಮ್ಮನಿಗೆ ಎಲ್ಲ ತೋರಿಸಿದೆ. ಅವನೇ ಬರೆಯುತ್ತಾನಂತೆ, ಫೋನ್ ಕೊಡುತ್ತಾ ಇದ್ದೇನೆ.

ಬಾಗೇವಾಡಿ ಅಕ್ಕ (ತಮ್ಮ ಬರೆಯುತ್ತಿರುವುದು):

ನಮಸ್ಕಾರ ರೀ ಎಲ್ಲರಿಗೂ. ಮೇಷ್ಟ್ರು ಕೇಳಿದ ಪ್ರಶ್ನೆ ಎರಡು ದಿನದಿಂದ ತಲೆಯಲ್ಲಿ ಕೊರೀತಾ ಇದೆ. ಸ್ವಾಮಿ ಆಗುವ ಆಸೆ ನನಗಿಲ್ಲ. ಅವ್ವನಿಗೆ ಹೇಳಿದರೆ ನಂಬುವುದಿಲ್ಲ. ಪೂಜೆ ಮಾಡಿಸುವ ಆಸೆಯೂ ಇಲ್ಲ.

ಎರಡು ವರ್ಷದ ಹಿಂದೆ ನಮ್ಮ ಓಣಿಯ ಹಳೇ ಮನೆ ಕೆಡವುವಾಗ ಅಟ್ಟದ ಮೇಲೆ ತಾಡೋಲೆ ಕಟ್ಟು ಸಿಕ್ಕಿತು. ಕೆಂಪು ಬಟ್ಟೆಯಲ್ಲಿ ಸುತ್ತಿತ್ತು. ಅಂಚೆಲ್ಲ ಹುಳ ತಿಂದಿತ್ತು. ನಾನು ಒಂದು ಗರಿ ಎತ್ತಿ ನೋಡಿದೆ. ಕನ್ನಡವೇ. ಆದರೆ ಒಂದು ಸಾಲೂ ಓದಲು ಬರಲಿಲ್ಲ. ಅಕ್ಷರಕ್ಕೆ ಅಕ್ಷರ ಕೂಡಿಕೊಂಡಿದೆ, ಎಲ್ಲಿ ಪದ ಮುಗಿಯುತ್ತೆ ಗೊತ್ತಾಗುವುದಿಲ್ಲ. ಯಾರೋ "ಪೂಜೆಗಿಡ್ರಿ" ಅಂದರು. ಈಗ ಅದು ಅವರ ದೇವರ ಮಾಡದಲ್ಲಿದೆ, ಮೇಲೆ ಕುಂಕುಮ. ನನಗೆ ಅದನ್ನು ಓದಬೇಕು. ಅದು ಧರ್ಮದ ಓದು ಅಂತ ಅಂದುಕೊಂಡಿದ್ದೆ.

ನಿವೃತ್ತ ಮೇಷ್ಟ್ರು, ವಿಜಯಪುರ:

ಮಗನೇ, ಇದನ್ನು ಮೊದಲೇ ಹೇಳಬಾರದಿತ್ತಾ. ಇಲ್ಲಿ ಎಲ್ಲರೂ ನಿನಗೆ ಪಟ್ಟ ಕಟ್ಟಲು, ದೀಕ್ಷೆ ಕೊಡಲು ನಿಂತಿದ್ದೆವು.

ನಿನ್ನ ದಾರಿಯಲ್ಲಿ ನಮ್ಮ ಊರಿನವರೇ ನಡೆದು ಹೋಗಿದ್ದಾರೆ. ಫ.ಗು. ಹಳಕಟ್ಟಿಯವರು ವಕೀಲರು. ವಿಜಯಪುರದ ಕೋರ್ಟಿನಲ್ಲಿ ಕೆಲಸ, ಉಳಿದ ಹೊತ್ತೆಲ್ಲ ಮನೆ ಮನೆ ತಿರುಗಿ ತಾಡೋಲೆ ಹುಡುಕುವುದು. ನೀನು ನೋಡಿದ ಹಾಗೇ ಪೂಜೆಗಿಟ್ಟ ಕಟ್ಟುಗಳು. ಕೊಡಲು ಜನ ಒಪ್ಪುತ್ತಿರಲಿಲ್ಲ. ವಚನ ಅಚ್ಚು ಹಾಕಲು ಮನೆ ಮಾರಿ ಮುದ್ರಣಾಲಯ ನಡೆಸಿದರು. 1926ರಿಂದ "ಶಿವಾನುಭವ" ಪತ್ರಿಕೆ ತಂದರು. ಧರ್ಮದ ಡಿಗ್ರಿ ಅವರಿಗೆ ಇರಲಿಲ್ಲ, ಕಾನೂನಿನದಿತ್ತು. ಸಿಂದಗಿ ಕಡೆಯ ಎಂ.ಎಂ. ಕಲಬುರ್ಗಿಯವರೂ ಓದಿದ್ದು ಕನ್ನಡ. ಜ್ಞಾನಯೋಗಾಶ್ರಮದ ಸಿದ್ಧೇಶ್ವರ ಸ್ವಾಮಿಗಳು ಕೂಡ ತತ್ವಶಾಸ್ತ್ರದಲ್ಲಿ ಎಂ.ಎ. ಮಾಡಿದವರು.

ಬಿ.ಎ.ಯಲ್ಲಿ ಕನ್ನಡ, ಇತಿಹಾಸ ತಗೋ. ಸಿಕ್ಕರೆ ಸಂಸ್ಕೃತವನ್ನೂ ಸೇರಿಸು. ಸಂಜೆ ಪಾಠಶಾಲೆಯಲ್ಲಿ ಪ್ರಥಮಾ ಕಟ್ಟು. ಎಂ.ಎ. ಹೊತ್ತಿಗೆ ಹಂಪಿ ಕನ್ನಡ ವಿಶ್ವವಿದ್ಯಾಲಯ ನೋಡು. ಅಲ್ಲಿ ಹಸ್ತಪ್ರತಿಗೆ ವಿಭಾಗವೇ ಇದೆ. ಹಳಕಟ್ಟಿಯವರ ಹೆಸರಿನ ಸಂಶೋಧನ ಕೇಂದ್ರ ವಿಜಯಪುರದಲ್ಲೇ ಇದೆ, ನಿಮ್ಮೂರಿನಿಂದ ಒಂದು ತಾಸು.

ಹಿಂದವಾಡಿ ಓದುಗ:

ತಮ್ಮಾ, ಬೆಳಗಾವಿಗೆ ಬಂದರೆ ಹಿಂದವಾಡಿಯ ಗುರುದೇವ ರಾನಡೆ ಮಂದಿರಕ್ಕೆ ಬಾ. ಜಮಖಂಡಿಯಲ್ಲಿ ಹುಟ್ಟಿ ಅಲಹಾಬಾದ್ ವಿಶ್ವವಿದ್ಯಾಲಯದ ಕುಲಪತಿ ಆದವರು ರಾ.ದ. ರಾನಡೆ. ಎಲ್ಲ ಧರ್ಮಗಳನ್ನೂ ಒಟ್ಟಿಗೆ ಇಟ್ಟು ಓದಬೇಕು ಅಂತ ಅವರು ಕಟ್ಟಿದ ಅಕಾಡೆಮಿ ಅಲ್ಲಿದೆ. ಒಂದು ಧರ್ಮ ಮಾತ್ರ ಸಾಲದು ಅನ್ನಿಸಿದರೆ ಆ ಓದೂ ಇದೆ. ಧರ್ಮಗಳ ತೌಲನಿಕ ಅಧ್ಯಯನದಲ್ಲಿ ಎನ್‌ಇಟಿ ಪರೀಕ್ಷೆಯೇ ಇದೆ, ಪಾಸಾದರೆ ಲೆಕ್ಚರರ್ ಕೆಲಸಕ್ಕೆ ಅರ್ಹತೆ.

ಗೋಕಾಕ ಕರದಂಟು:

ಇನ್ನೊಂದು. 2022ರಿಂದ ಯುಜಿಸಿ ಒಟ್ಟಿಗೆ ಎರಡು ಡಿಗ್ರಿ ಮಾಡಲು ಬಿಟ್ಟಿದೆ. ಒಂದು ಕಾಲೇಜಿಗೆ ಹೋಗಿ, ಇನ್ನೊಂದು ದೂರಶಿಕ್ಷಣದಲ್ಲಿ. ನನ್ನ ಕಾಲದಲ್ಲಿ ಇದ್ದಿದ್ದರೆ ಎಷ್ಟು ವರ್ಷ ಉಳಿಯುತ್ತಿತ್ತೋ. ಮೊದಲ ವರ್ಷ ಮಾತ್ರ ಒಂದೇ ಇರಲಿ ತಮ್ಮಾ, ಮೈಮೇಲೆ ಎಳೆದುಕೊಳ್ಳಬೇಡ.

ಬಾಗೇವಾಡಿ ಅಕ್ಕ:

ಅಪ್ಪನಿಗೆ ಬಿ.ಎ. ಅನ್ನುವ ಪದ ಒಂದೇ ಕೇಳಿಸಿತು, ಖುಷಿಯಾಗಿದ್ದಾರೆ. ಪೊಲೀಸ್ ಪರೀಕ್ಷೆ ಮಾತು ಇವನು ಬೇಕಂತಲೇ ಎತ್ತಿಲ್ಲ. ಅವ್ವ ಮಾತ್ರ ಒಂದು ಸಲ ಶಿವಯೋಗಮಂದಿರ ನೋಡಿಕೊಂಡು ಬರೋಣ ಅಂತಾ ಇದ್ದಾಳೆ. ಮಗ ಹೋಗದೇ ಇದ್ದರೂ ತನಗೆ ನೋಡಬೇಕಂತೆ. ಅಲ್ಲಿಯ ವಿಭೂತಿಯೂ ಬೇಕಂತೆ. ಸೋಮವಾರ ಕಾಲೇಜಿಗೆ ಫಾರ್ಮ್ ಕೊಟ್ಟು ಮಂಗಳವಾರ ಮೂರೂ ಜನ ಹೊರಡುತ್ತೇವೆ.

ಬಾದಾಮಿ ಕಂಡಕ್ಟರ್:

ಮಂಗಳವಾರ ನನ್ನದು ಬಾಗಲಕೋಟೆ-ಬಾದಾಮಿ ಡ್ಯೂಟಿ. ಬೆಳಿಗ್ಗೆ ಬಾಗಲಕೋಟೆ ಸ್ಟ್ಯಾಂಡಿನಲ್ಲಿ ಇರುತ್ತೇನೆ. ನೀವು, ಅವ್ವ ಇಬ್ಬರೂ ಆಧಾರ್ ತನ್ನಿ, ನಿಮ್ಮದು ಸೊನ್ನೆ ಟಿಕೆಟ್. ತಮ್ಮ ಮಾತ್ರ ರೊಕ್ಕ ಕೊಡಬೇಕು.